ಶುಕ್ರವಾರದ ಮೂರು ತಾಸು

2023ರ ಮಾರ್ಚ್-ಏಪ್ರಿಲ್ ತಿಂಗಳು. ಪುಣೆಯ ಭೋಸರಿಯಲ್ಲಿ, ಸವೆದ ಯಂತ್ರಗಳನ್ನು ಹೊಸದರಂತೆ ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ನಾನು ಹಿರಿಯ ಸ್ಕ್ರೇಪಿಂಗ್ ಫಿಟರ್ ಆಗಿದ್ದೆ. ವಯಸ್ಸು ಐವತ್ತಾರು. ಬೆಟಗೇರಿಯಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಹದಿನಾರನೇ ವಯಸ್ಸಿಗೆ ಇಲ್ಲಿಗೆ ಬಂದವನು ನಾನು. ಡಿಪ್ಲೊಮಾ ಮಾಡಿದವರು ಅಳತೆ ತಪ್ಪಿದಾಗ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸ್ಕ್ರೇಪಿಂಗ್ ಎಂದರೇನು ಎಂದು ಮೊದಲು ಹೇಳಬೇಕು. ಗ್ರೈಂಡಿಂಗ್ ಯಂತ್ರದ ಕೆಳಗೆ ಬೆಡ್ ಎಂಬ ಎರಕದ ಕಬ್ಬಿಣದ ಉದ್ದನೆಯ ಪೀಠ ಇರುತ್ತದೆ. ಅದು ಸಪಾಟಾಗಿದ್ದರೆ ಮಾತ್ರ ಯಂತ್ರ ಸರಿಯಾಗಿ ನಡೆಯುತ್ತದೆ. ನೀಲಿ ಬಣ್ಣ ಹಚ್ಚಿದ ಸ್ಟ್ರೇಟ್‌ಎಜ್ ಪಟ್ಟಿಯನ್ನು ಅದರ ಮೇಲೆ ಎಳೆದರೆ ಉಬ್ಬಿದ ಜಾಗಕ್ಕಷ್ಟೇ ನೀಲಿ ಹತ್ತುತ್ತದೆ. ಆ ನೀಲಿಯನ್ನು ಚೂಪಾದ ಸ್ಕ್ರೇಪರ್‌ನಿಂದ ಕೆರೆಯಬೇಕು. ಒಂದು ಸಲಕ್ಕೆ ಹೋಗುವುದು ಎರಡೋ ಮೂರೋ ಮೈಕ್ರಾನ್. ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನ್ ಎಂದರೆ ಲೆಕ್ಕ ಹಾಕಿ.

ಅದರ ಹಿಂದಿನ ವರ್ಷ ಭಾರ ಎತ್ತುವ ಚೈನ್ ಪುಲ್ಲಿಯಲ್ಲಿ ನನ್ನ ಬಲಗೈ ಸಿಕ್ಕಿತ್ತು. ಬೆರಳುಗಳು ಉಳಿದವು, ನರಗಳು ಉಳಿಯಲಿಲ್ಲ. ಹಿಡಿತ ಬಂದರೂ ಅಂಗೈಗೆ ಬಿಸಿ-ತಂಪು ತಿಳಿಯುತ್ತಿರಲಿಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಕೂತೆ. ಸಂಜೆಯ ಪ್ರಾರ್ಥನೆಗೆ ಕರೆದರೆ ಏಳುತ್ತಿರಲಿಲ್ಲ. ನನ್ನ ಹೆಂಡತಿ ಸುಗುಣಾ ಒಬ್ಬಳೇ ಹಾಡಿ, ಒಬ್ಬಳೇ ಆಮೆನ್ ಹೇಳುತ್ತಿದ್ದಳು. ಒಂದು ದಿನ ನನ್ನೆದುರಿಗೆ ಬಂದು ನಿಂತಳು.

"ಕೈಯಾಗಿನ ಸ್ಪರ್ಶ ಹೋತು, ಖರೆ. ಅದರ ಜೊತಿ ದೇವರೂ ಹೋದನೇನ್ರಿ?"

ಮರುದಿನ ಅವಳ ಪಕ್ಕದಲ್ಲಿ ಕೂತೆ. ನಂಬಿಕೆ ಒಂದೇ ದಿನಕ್ಕೆ ತಿರುಗಿ ಬಂತೆಂದು ಸುಳ್ಳು ಹೇಳುವುದಿಲ್ಲ. ಆದರೆ ಕೂರುವುದನ್ನು ಬಿಡಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಬಂದ ಮೊದಲ ದೊಡ್ಡ ಜಾಬ್ ಈ ಬೆಡ್. ಉದ್ದ ಮೂರು ಮೀಟರ್. ಪೂರ್ತಿ ಉದ್ದಕ್ಕೆ ಹತ್ತು ಮೈಕ್ರಾನ್‌ಗಿಂತ ಹೆಚ್ಚು ಏರುಪೇರು ನಡೆಯದು. ದಿನವಿಡೀ ಕೆರೆದು ಸಂಜೆ ಅಳೆದರೆ ಸರಿ ಇರುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ ನಡುವೆ ತಗ್ಗು. ಎರಡೂ ತುದಿ ಕೆರೆದು ಹೊಂದಿಸಿದರೆ ಮಧ್ಯಾಹ್ನ ಮತ್ತೆ ನಡುವೆ ನೀಲಿ. ಅದನ್ನು ತೆಗೆದರೆ ಮರುದಿನ ಮತ್ತೆ ತಗ್ಗು. ಹೀಗೆ ಮೂರು ವಾರ.

ನನ್ನ ಜೊತೆಗಿದ್ದವನು ಶಿಂದೆ. ನಿಪ್ಪಾಣಿಯವನು, ಕನ್ನಡ ಮರಾಠಿ ಎರಡೂ ಸಲೀಸು, ನಾಲಿಗೆ ಇನ್ನೂ ಸಲೀಸು. ಅವನೂ ಸುಮ್ಮನಾಗಿಬಿಟ್ಟಿದ್ದ. ಎಲ್ಲರ ಕಣ್ಣು ನನ್ನ ಬಲಗೈ ಮೇಲೆ. ನಾನೂ ಅದನ್ನೇ ದೂರುತ್ತಿದ್ದೆ.

ಧಾರವಾಡ ಕಡೆಯವರಾದ ನಮ್ಮ ಮ್ಯಾನೇಜರ್ ಕುಲಕರ್ಣಿ ಸಾಹೇಬರು ನನ್ನನ್ನು ಕರೆದು ಮೆತ್ತಗೆ ಹೇಳಿದರು. "ದಾನಿಯೇಲ, ಸೋಮವಾರ ಗಿರಾಕಿಯ ಇನ್‌ಸ್ಪೆಕ್ಟರ್ ಬರ್ತಾನ. ಪಾಸ್ ಆಗ್ಲಿಲ್ಲಂದ್ರ ಬೆಡ್ ಹೊರಗ ಕಳಸ್ತೀನಿ. ನೀವು ಸ್ಟೋರ್ಸಿನ್ಯಾಗ ಕೂಡ್ರಿ. ನೆರಳಿನ ಕೆಲಸ."

ನಲವತ್ತು ವರ್ಷ ಸ್ಕ್ರೇಪರ್ ಹಿಡಿದವನು ನಟ್ಟು ಬೋಲ್ಟು ಎಣಿಸಿ ಕೊಡಬೇಕು.

ನಮ್ಮ ಕೈಗಾರಿಕಾ ಎಸ್ಟೇಟಿಗೆ ವಾರದ ರಜೆ ಗುರುವಾರ. ಆ ವಾರ ರಜೆಯ ಮರುದಿನವೇ ಶುಭ ಶುಕ್ರವಾರ. ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲಿದ್ದ ಆ ಹೊತ್ತು, ಉಪವಾಸವಿದ್ದು ಆರಾಧನೆಯಲ್ಲಿ ಕೂರುವುದು ನಮ್ಮ ಪದ್ಧತಿ. ಪಿಂಪ್ರಿಯ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಕನ್ನಡ ಸಭೆ ಸೇರುತ್ತಿತ್ತು.

"ನಿನ್ನೆ ಸುಟ್ಟಿ ಆತಲ್ರೀ. ಇವತ್ತ ಮತ್ತ ಅರ್ಧಾ ದಿವಸ ಅಂದ್ರ ಮ್ಯಾಲಿನವರಿಗೆ ಏನ್ ಹೇಳ್ಲಿ?" ಎಂದರು ಸಾಹೇಬರು, ನಾನು ಬಿಡುವು ಕೇಳಿದಾಗ.

"ಮೂರು ತಾಸು ಮತ್ತ ಹೋಗಿ ಬರೂ ಹೊತ್ತು, ಅಷ್ಟ ಸಾಕ್ರಿ. ಹೋಗಲಿಕ್ಕೇ ಬೇಕು."

ಅವರು ಕೈ ಚೆಲ್ಲಿದರು. ಶಿಂದೆಗೆ ನಾಲಿಗೆ ಮರಳಿ ಬಂತು. "ಕಾಕಾ, ನೀವು ಅಲ್ಲಿ ಕೈ ಮುಗದ್ರ ಇಲ್ಲಿ ದೇವರು ಬಂದು ಸ್ಕ್ರೇಪರ್ ಹಿಡೀತಾನೇನು?"

"ಹಿಡದ್ರೂ ಹಿಡೀಬಹುದು. ನಿನ್ನಂಗ ಚಾ ಕುಡಕೋತ ಅಂತೂ ನಿಂದ್ರಂಗಿಲ್ಲ. ನಾ ಬರೂತನಕ ಇದನ್ನ ಮುಟ್ಟಬ್ಯಾಡ."

ಹೊರಡುವ ಮುಂಚೆ ನೀಲಿ ಹಚ್ಚಿ ನೋಡಿದೆ. ತುದಿಯಿಂದ ತುದಿಗೆ ಒಂದೇ ಸಮ. ಆಗ ಗಂಟೆ ಹನ್ನೊಂದೂಕಾಲು.

ಹಾಲ್‌ನಲ್ಲಿ ಫ್ಯಾನ್ ಇರಲಿಲ್ಲ. ಮೂರು ತಾಸು ಏನು ಬೇಡಿದೆನೆಂದರೆ ಹೇಳಲು ಹೆಚ್ಚೇನಿಲ್ಲ. ಬೆಡ್ ಸರಿಯಾಗಲಿ ಎಂದು ಕೇಳಲು ಬಾಯಿ ಬರಲಿಲ್ಲ. ಸ್ಟೋರ್ಸಿಗೆ ಹೋದರೂ ನಿನ್ನ ಕೈ ಬಿಡುವುದಿಲ್ಲ, ನೀನು ನನ್ನ ಕೈ ಬಿಡಬೇಡ ಎಂದಷ್ಟೇ ಕೇಳಿದೆ. ಎದ್ದಾಗ ಎಷ್ಟೋ ತಿಂಗಳ ಮೇಲೆ ಹೆಗಲು ಹಗುರಾಗಿತ್ತು.

ಮೂರೂಮುಕ್ಕಾಲಕ್ಕೆ ಬಂದು ಸ್ಟ್ರೇಟ್‌ಎಜ್ ಎಳೆದೆ. ಬರೀ ನಡುವೆ ನೀಲಿ.

"ಮುಟ್ಟಿದ್ಯಾ?"

"ಆಯಿಚೀ ಶಪಥ್, ಕಾಕಾ. ಹತ್ತರಾನೂ ಬಂದಿಲ್ಲ. ಕ್ರೇನಿನ ಕಡೆ ಇದ್ದೆ."

ಆಗಲೇ ನನಗೆ ಹೊಳೆದದ್ದು. ಮೂರು ವಾರದಲ್ಲಿ, ರಜೆ ಬಿಟ್ಟರೆ, ಒಂದು ಮಧ್ಯಾಹ್ನವೂ ನಾನು ಆ ಬೆಡ್ಡಿನಿಂದ ಕೈ ತೆಗೆದಿರಲಿಲ್ಲ. ಇವತ್ತು ತೆಗೆದಿದ್ದೆ, ಆದರೂ ಅದು ಬದಲಾಗಿತ್ತು. ಹಾಗಾದರೆ ಬದಲಾಯಿಸುತ್ತಿದ್ದುದು ನನ್ನ ಕೈ ಅಲ್ಲ.

ಬೆಡ್ಡನ್ನು ಸವರಿ ನೋಡಲು ಯಾವಾಗಲೂ ಬಲಗೈಯೇ ಮುಂದೆ ಹೋಗುತ್ತಿತ್ತು. ಅವತ್ತು ಎಡ ಅಂಗೈ ಇಟ್ಟೆ. ತುದಿಗಳು ತಂಪು, ನಡುಭಾಗ ಬೆಚ್ಚಗೆ. ತಲೆ ಎತ್ತಿದೆ. ಚಾವಣಿಯಲ್ಲಿ, ಹಳೆಯ ಸಿಮೆಂಟ್ ಶೀಟಿನ ಜಾಗದಲ್ಲಿ, ಬೆಳಕಿಗೆಂದು ಫೆಬ್ರುವರಿಯಲ್ಲಿ ಹಾಕಿದ್ದ ಪಾರದರ್ಶಕ ಶೀಟು. ದಿನಾಲೂ ನಡು ಮಧ್ಯಾಹ್ನದ ಬಿಸಿಲು ಅಲ್ಲಿಂದ ನೇರ ಬೆಡ್ಡಿನ ಮೇಲೆ ಬೀಳುತ್ತಿತ್ತು. ಮೇಲ್ಮೈ ಕಾದರೆ ಕಬ್ಬಿಣ ನಡುವೆ ಉಬ್ಬುತ್ತದೆ. ನಾನು ಮೂರು ವಾರ ಕೆರೆದದ್ದು ಬಿಸಿಲು ಎಬ್ಬಿಸಿದ ಉಬ್ಬನ್ನು. ರಾತ್ರಿ ತಣ್ಣಗಾದಾಗ ಅಲ್ಲಿ ತಗ್ಗು ಉಳಿಯದೆ ಇನ್ನೇನು? ಕೈಯಲ್ಲಿ ಸ್ಪರ್ಶವಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಆ ಮಟ್ಟಿಗೆ ತಪ್ಪು ನನ್ನ ಕೈಯದೇ. ಆದರೆ ಕೆಲಸದಲ್ಲಿ ತಪ್ಪಿರಲಿಲ್ಲ.

ಶಿಂದೆ ಚಾವಣಿಯನ್ನೇ ನೋಡುತ್ತ ನಿಂತ. "ಹೆಲ್ಮೆಟ್ ಹಾಕ್ಕೊಂಡು ಅಡ್ಡಾಡ್ತೀವಿ, ಒಬ್ಬರೂ ಮ್ಯಾಲೆ ನೋಡ್ಲಿಲ್ಲಲ್ಲ ಕಾಕಾ."

ಅವತ್ತೇ ಬೆಡ್ಡನ್ನು ಕ್ರೇನಿನಿಂದ ಉತ್ತರದ ಗೋಡೆಯ ನೆರಳಿಗೆ ಸರಿಸಿ ತಣ್ಣಗಾಗಲು ಬಿಟ್ಟೆವು. ಶನಿವಾರ ಹತ್ತು ತಾಸು ಕೆರೆದೆ. ಭಾನುವಾರ ಬೆಳಿಗ್ಗೆ ಸುಗುಣಾಳ ಜೊತೆ ಈಸ್ಟರ್ ಆರಾಧನೆ ಮುಗಿಸಿ, ಅವಳು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಹಿಡಿದು ಫ್ಯಾಕ್ಟರಿಗೆ ಬಂದು ನೀಲಿ ನೋಡಿದೆ. ಹಿಂದಿನ ಸಂಜೆ ಬಿಟ್ಟಂತೆಯೇ ಇತ್ತು. ಸ್ಕ್ರೇಪರ್ ತೆಗೆಯಲೇ ಇಲ್ಲ. ಶಿಂದೆಯೂ ನಾನೂ ಹೋಳಿಗೆ ತಿಂದೆವು.

ಸೋಮವಾರ ಇನ್‌ಸ್ಪೆಕ್ಟರ್ ಎರಡು ಸಲ ಅಳೆದ. ಎರಡೂ ಸಲ ಆರು ಮೈಕ್ರಾನ್. ಕೆರೆದದ್ದು ಯಾರೆಂದು ಕೇಳಿ, ನನ್ನ ಬಲಗೈ ಕುಲುಕಿದ. ಆ ಕೈಗೆ ಏನೂ ತಿಳಿಯಲಿಲ್ಲ, ನನಗೆ ಪೂರ್ತಿ ತಿಳಿಯಿತು. ಕುಲಕರ್ಣಿ ಸಾಹೇಬರು ಹತ್ತಿರ ಬಂದು, "ಸ್ಟೋರ್ಸಿನ ಕೀಲಿ ಬ್ಯಾರೆಯವರಿಗೆ ಕೊಡ್ತೀನ್ರಿ" ಎಂದರು.

ದುಡಿದು ತಿನ್ನುವವನಿಗೆ ಕೈ ತೆಗೆಯುವುದು ಎಲ್ಲಕ್ಕಿಂತ ಕಷ್ಟ. ನಾನು ಬಿಟ್ಟರೆ ಎಲ್ಲ ಬಿದ್ದುಹೋಗುತ್ತದೆ ಎಂಬ ಹಟದಲ್ಲಿ ಮೂರು ವಾರ ಒಳ್ಳೆಯ ಬೆಡ್ಡನ್ನು ನಾನೇ ಕೆಡಿಸುತ್ತಿದ್ದೆ. ದೇವರಿಗೆಂದು ಮೂರು ತಾಸು ಬಿಟ್ಟುಕೊಟ್ಟಾಗ ಸತ್ಯ ತಾನಾಗಿ ಮೇಲೆ ಬಂತು. ಆ ಕೆಲಸ ನನಗೆ ಕಲಿಸಿದ್ದು ಇದು.

ಈಗ ನಮ್ಮ ಶಾಪಿನಲ್ಲಿ ಯಾವ ಬೆಡ್ಡನ್ನೂ ಕೊನೆಯ ಅಳತೆಗೆ ಮುಂಚೆ ಬಟ್ಟೆ ಹೊದಿಸಿ ಮೂರು ತಾಸು ಯಾರೂ ಮುಟ್ಟುವುದಿಲ್ಲ. ಕಳೆದ ತಿಂಗಳು ಹೊಸ ಎಂಜಿನಿಯರ್ ಒಬ್ಬರು ಬಂದು, ಎಲ್ಲ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಶಿಂದೆಯನ್ನು ದಬಾಯಿಸಿದರು. ಅವನು ಚಹಾದ ಗ್ಲಾಸು ಕೆಳಗಿಡದೆ ಹೇಳಿದ. "ಇದರ ಶುಕ್ರವಾರ ಇನ್ನೂ ಮುಗದಿಲ್ರಿ, ಸಾಹೇಬ್ರ."

ಅವತ್ತು ಮಂಗಳವಾರ.