ವಾಲ್ಬುರ್ಗಾ ಹೆಣೆದ ಜಡೆ

ಲಿಂಡೆನೌ ಅರಮನೆಯಲ್ಲಿ ಅಮ್ಮಣ್ಣಿ ಆಡೆಲ್‌ಹೈಡಳ ತಲೆ ಬಾಚುವ ಹಕ್ಕು ವಾಲ್ಬುರ್ಗಾಳಿಗೆ ಬಿಟ್ಟರೆ ಇನ್ನೊಬ್ಬರಿಗಿರಲಿಲ್ಲ. ಹಿಟ್ಟಿನ ಗಿರಣಿಯವನ ಮಗಳಾದ ಅವಳು ಅರಮನೆಗೆ ಬಂದಾಗ ಅಮ್ಮಣ್ಣಿಗಿನ್ನೂ ತೊದಲು ಮಾತು. ಬಂದ ಗಂಡುಗಳನ್ನೆಲ್ಲ ಒಲ್ಲೆನೆಂದು, ಆ ಹೊಂಬಣ್ಣದ ಕೂದಲಿನಲ್ಲೇ ಕೈಯಾಡಿಸುತ್ತ ವಾಲ್ಬುರ್ಗಾಳಿಗೆ ಮೂವತ್ತಾಗಿತ್ತು. ಹೆತ್ತ ತಾಯಿ ಮಗಳ ತಲೆ ಸವರಿದರೂ ಅವಳು ಬಾಚಣಿಗೆ ಹಿಡಿದು ನಡುವೆ ಬಂದು ನಿಲ್ಲುತ್ತಿದ್ದಳು.

ಅಮ್ಮಣ್ಣಿಗೆ ಡೆನ್ಮಾರ್ಕಿನ ರಾಜಕುಮಾರನೊಡನೆ ಮದುವೆ ಗೊತ್ತಾಯಿತು. ಕಟ್ಟಳೆ ಎಲ್ಲರಿಗೂ ತಿಳಿದದ್ದೇ. ಗಡಿಯಲ್ಲಿ ಡೇರೆ ಹಾಕುತ್ತಾರೆ. ಮದುವಣಗಿತ್ತಿ ತವರಿನ ಒಂದು ನೂಲೆಳೆಯನ್ನೂ ಉಳಿಸಿಕೊಳ್ಳದೆ ಕಳಚಿಟ್ಟು, ಗಂಡನ ನಾಡಿನ ಉಡುಪು ತೊಟ್ಟು ಆಚೆ ಬಾಗಿಲಿನಿಂದ ಹೊರಡಬೇಕು. ತವರಿನ ದಾಸಿಯರು ಈಚೆ ಬಾಗಿಲಿನಿಂದ ಹಿಂದಿರುಗಬೇಕು.

"ನಿನ್ನ ಜಾಗಕ್ಕೆ ಗಂಡಿನ ಕಡೆಯಿಂದ ಮೆಟ್ಟೆ ಅಂತ ಒಬ್ಬಳು ಬರ್ತಾಳಂತೆ ಕಣೇ," ಎಂದ ಗಾಡಿ ಹೊಡೆಯುವ ಯೋಬ್ಸ್ಟ್. "ಇನ್ನೂ ಚಿಕ್ಕವಳಂತೆ. ಕೈ ಬೆಣ್ಣೆ ಹಾಗಂತೆ."

"ಬೆಣ್ಣೆ ಕೈಲಿ ತಲೆ ಬಾಚೋಕಾಗುತ್ತಾ? ಜಾರುತ್ತೆ ಅಷ್ಟೆ."

"ಅಬ್ಬಬ್ಬಾ! ಮದುವೆ ಹೆಣ್ಣಿಗೇ ಸವತಿ ಇಲ್ಲ, ನಿನಗೆ ಬಂದಳಲ್ಲೇ!"

ಗಡಿ ಮುಟ್ಟುವ ದಿನ ಬೆಳಗ್ಗೆ ವಾಲ್ಬುರ್ಗಾ ಎಂದಿನ ಜಡೆ ಹೆಣೆಯಲಿಲ್ಲ. ತವರಿನ ನೀಲಿ ಬಟ್ಟೆಪಟ್ಟಿಯನ್ನು ಕೂದಲಿನೊಳಗೇ ಹೊಸೆದು, ಗಂಟಿನ ಮೇಲೆ ಗಂಟು ಹಾಕಿ, ತುದಿಗಳನ್ನು ಒಳಗೆ ಹುದುಗಿಸಿಬಿಟ್ಟಳು.

"ಬಿಗಿ ಆಯ್ತು ಕಣೇ ಬುರ್ಗಾ."

"ಗಾಡಿ ಕುಲುಕಾಟಕ್ಕೆ ಬಿಚ್ಚಿಹೋಗಬಾರದಲ್ಲ, ಅಮ್ಮಣ್ಣಿ."

ಅವಳ ಲೆಕ್ಕವೇ ಬೇರೆ. ಆ ಪಟ್ಟಿ ಕಳಚದೆ ಅಮ್ಮಣ್ಣಿ ಗಡಿ ದಾಟುವಂತಿಲ್ಲ. ಕಳಚುವುದು ಮೆಟ್ಟೆಯಿಂದ ಆಗದು. ವಾಲ್ಬುರ್ಗಾ ಇಲ್ಲದೆ ಕೆಲಸ ನಡೆಯದು ಎಂದು ಗಂಡಿನ ಕಡೆಯವರಿಗೂ ಗೊತ್ತಾಗಲಿ. ಆಗ ತನ್ನನ್ನೂ ಜೊತೆಗೆ ಕರೆದೊಯ್ದಾರು.

ಗಡಿ ಮುಟ್ಟಿದ ಮೇಲೆ ಅವಳು ಡೇರೆಯ ಪರದೆಯ ಹೊರಗೆ ಕಿವಿಗೊಟ್ಟು ನಿಂತಳು. ಒಳಗಿನಿಂದ ಅಮ್ಮಣ್ಣಿ "ಅಯ್ಯೋ" ಎಂದದ್ದು ಕೇಳಿಸಿತು. ವಾಲ್ಬುರ್ಗಾಳ ಮುಖ ಅರಳಿತು. ಮತ್ತೊಮ್ಮೆ ಕೇಳಿಸಿತು, ಈ ಸಲ ಅಳುವಿನಂತೆ. "ಬಿಡಿ, ಕತ್ತರಿ ತನ್ನಿ," ಎಂದರು ತವರಿನ ಕಡೆಯವರು ಯಾರೋ.

ಅಪ್ಪಣೆಗೂ ಕಾಯದೆ ಅವಳು ಒಳನುಗ್ಗಿದಳು. ಹೊಸ ಉಡುಪಿನಲ್ಲಿ ಕುಳಿತಿದ್ದ ಅಮ್ಮಣ್ಣಿಯ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿ ಎಳೆಯ ಹುಡುಗಿ ಮೆಟ್ಟೆ ಬಾಚಣಿಗೆ ಹಿಡಿದು ನಿಂತಿದ್ದಳು. ವಾಲ್ಬುರ್ಗಾ ತುದಿ ಹುಡುಕಿ ಒಂದೊಂದೇ ಗಂಟು ಸಡಿಲಿಸತೊಡಗಿದಳು. ಮೆಟ್ಟೆ ಬಗ್ಗಿ, ಕಣ್ಣು ಮಿಟುಕಿಸದೆ ಅವಳ ಬೆರಳುಗಳನ್ನೇ ನೋಡಿದಳು.

"ಅವಳಿಗೂ ತೋರಿಸಿಕೊಡೇ ಬುರ್ಗಾ," ಎಂದಳು ಅಮ್ಮಣ್ಣಿ. "ದಿನಾ ಹೀಗೆ ಅಳೋಕೆ ನನ್ನಿಂದಾಗಲ್ಲ."

ಜೊತೆಗೆ ಬಾ ಎನ್ನಲಿಲ್ಲ. ಎನ್ನುವಂತೆಯೂ ಇರಲಿಲ್ಲ.

ದಾಸಿಯರಿಬ್ಬರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ವಾಲ್ಬುರ್ಗಾ ಮೆಟ್ಟೆಯ ಕೈಯನ್ನೇ ಹಿಡಿದು ತೋರಿಸಿದಳು: ಬುಡದಲ್ಲಿ ಎಳೆಯಬಾರದು, ಕಿವಿಯ ಹಿಂದೆ ಮೆಲ್ಲಗೆ. ಮೆಟ್ಟೆ ಬಾಚಿದಳು. ಅಮ್ಮಣ್ಣಿಯ ಹೆಗಲು ಸಡಿಲವಾಗಿ ಕಣ್ಣು ತಾನಾಗಿ ಮುಚ್ಚಿತು. ಆ ಕಣ್ಣು ಹಾಗೆ ಮುಚ್ಚುವುದು ತನ್ನ ಕೈಗೆ ಮಾತ್ರ ಎಂದು ವಾಲ್ಬುರ್ಗಾ ಅಲ್ಲಿಯವರೆಗೆ ನಂಬಿದ್ದಳು.

ನೀಲಿ ಪಟ್ಟಿಯನ್ನು ಮುದ್ದೆ ಮಾಡಿ ಹಿಡಿದು ಈಚೆ ಬಾಗಿಲಿನಿಂದ ಹೊರಬಂದಳು.

"ಏನಾಯ್ತೇ?" ಎಂದ ಯೋಬ್ಸ್ಟ್.

"ಕಲಿಸಿ ಬಂದೆ."

"ಕಲಿತಳಾ?"

"ಬೇಗ ಕಲಿತಳು, ಹಾಳಾದವಳು," ಎಂದು ಅವಳು ಗಾಡಿ ಹತ್ತಿದಳು.