ಆನೆಗಳ ಜೊತೆ ತಾಲೀಮು

ಅವರ ಎಡಗಿವಿಗೆ ಹಾಲೆ ಇರಲಿಲ್ಲ. ಕೆಳಗಿನ ಅರ್ಧ ಹರಿದುಹೋಗಿ, ಉಳಿದ ಅಂಚು ಕೆಂಡದ ಮೇಲೆ ಸುಟ್ಟ ಹಪ್ಪಳದಂತೆ ಮುರುಟಿಕೊಂಡಿತ್ತು. ಮದುವೆಯಾಗಿ ಮೈಸೂರಿಗೆ ಬಂದಾಗ ಅವರ ಅತ್ತೆ ಕೊಟ್ಟ ಜೋಡಿ ವಜ್ರದೋಲೆಗಳಲ್ಲಿ ಒಂದು ಬಲಗಿವಿಗೇರಿತು. ಇನ್ನೊಂದನ್ನು ಆ ಹಿರಿಯಾಕೆ ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ಯೋಚಿಸಿ, ಅಕ್ಕಸಾಲಿಗನಿಗೆ ಕೊಟ್ಟು ಮೂಗುಬೊಟ್ಟು ಮಾಡಿಸಿದರು. ಬಣ್ಣವಿಲ್ಲದ ಹುಬ್ಬಿನ, ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಫಿನ್‌ಲೆಂಡಿನ ಹೆಣ್ಣುಮಗಳೊಬ್ಬರು ಒಂಟಿ ಓಲೆ, ಮೂಗುಬೊಟ್ಟು ತೊಟ್ಟು ಜಯಲಕ್ಷ್ಮಿಪುರಂನ ನಮ್ಮ ಬೀದಿಯಲ್ಲಿ ಸೊಪ್ಪಿನವಳೊಡನೆ ಚೌಕಾಸಿ ಮಾಡುವುದನ್ನು ನೋಡುತ್ತಲೇ ನಾನು ಬೆಳೆದೆ. ಅವರ ಪತಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಹೆಲ್ಸಿಂಕಿಗೆ ಸಂಶೋಧನೆಗೆ ಹೋದವರು ಪದವಿಯೊಂದಿಗೆ ಇವರನ್ನೂ ಕರೆತಂದಿದ್ದರು. ಅವರ, ನಮ್ಮ ಮನೆಗಳ ನಡುವೆ ಒಂದೇ ಗಿಡ್ಡ ಕಾಂಪೌಂಡು ಗೋಡೆ. ಎತ್ತರವನ್ನು ನೋಡಿ ನಾನು ಅವರನ್ನು ‘ದೊಡ್ಡಮ್ಮ’ ಎಂದೆ. ಆ ಹೆಸರೇ ಉಳಿಯಿತು.

ಕನ್ನಡವನ್ನು ಅತ್ತೆಯ ಅಡುಗೆಮನೆಯಲ್ಲಿ ಕಲಿತದ್ದರಿಂದ ಅವರ ಮಾತು ಅಪ್ಪಟ ಮೈಸೂರಿನದು. ಒಂದು ವಿಷಯದಲ್ಲಿ ಮಾತ್ರ ಅವರು ಊರಿಗೆ ಒಗ್ಗಲಿಲ್ಲ. ಕಾಫಿಪುಡಿ ಅಂಗಡಿಯಲ್ಲಿ, “ಚಿಕೋರಿ ಒಂದು ಚೂರೂ ಬೇಡ ಕಣ್ರೀ. ನಮಗೆ ಯುದ್ಧದಲ್ಲಿ ಅದನ್ನೇ ಕಾಫಿ ಅಂತ ಕುಡಿಸಿದ್ರು,” ಎನ್ನುವರು. ಅಂಗಡಿಯವನು ನಗುವನು. ಅವರು ನಗುತ್ತಿರಲಿಲ್ಲ.

1963ರ ವಿಜಯದಶಮಿ. ವರ್ಷದ ಬಗ್ಗೆ ನನಗೆ ಸಂದೇಹವಿಲ್ಲ; ನನ್ನ ತಂಗಿ ಹುಟ್ಟಿದ್ದು ಮರುವರ್ಷದ ಆರಂಭದಲ್ಲಿ, ತಾಯಿ ಆಗ ಐದಾರು ತಿಂಗಳ ಬಸುರಿ, ಆದ್ದರಿಂದಲೇ ಜನಜಂಗುಳಿಯಲ್ಲಿ ನನ್ನ ಕೈ ಹಿಡಿಯುವ ಹೊಣೆ ದೊಡ್ಡಮ್ಮನಿಗೆ ಬಿದ್ದಿತ್ತು. ಅಂಬಾರಿಯಲ್ಲಿ ಮಹಾರಾಜರೇ ಕುಳಿತು ಬರುತ್ತಿದ್ದ ಕಾಲ ಅದು. ಅರಮನೆಯ ಕಡೆಯಿಂದ ಮೊದಲ ಕುಶಾಲತೋಪು ಹಾರಿತು. ಮರುಕ್ಷಣ ನಾನು ನೆಲದ ಮೇಲಿದ್ದೆ. ನನ್ನ ಕುತ್ತಿಗೆಯನ್ನು ಹಿಡಿದು ಕೆಡವಿ, ಇಡೀ ದೇಹವನ್ನು ನನ್ನ ಮೇಲೆ ಚೆಲ್ಲಿ, ಬಾಯಿಗೆ ಮಣ್ಣು ಮೆತ್ತುವಷ್ಟು ಬಲವಾಗಿ ನನ್ನ ತಲೆಯನ್ನು ಅದುಮಿ ಅವರು ಮಲಗಿಬಿಟ್ಟಿದ್ದರು. ನನ್ನ ಮೊಣಕೈ ಮುರಿದ ಸದ್ದು ನನಗೆ ತೋಪಿಗಿಂತ ಜೋರಾಗಿ ಕೇಳಿಸಿತು. ಜನ ಸೀರೆ ಹಿಡಿದು ಎಳೆದರು, ಯಾರೋ ಬೆನ್ನಿಗೆ ಒದ್ದರು. ಅವರು ಏಳಲಿಲ್ಲ. ಇಪ್ಪತ್ತೊಂದು ತೋಪುಗಳೂ ಮುಗಿದ ಮೇಲೆಯೇ ಎದ್ದರು.

ನನ್ನ ತಾಯಿ ಗೋಡೆಯ ಈಚೆಯಿಂದ ಕೂಗಿದ್ದು ನೆನಪಿದೆ: “ನಿಮ್ಮ ದೇಶದಲ್ಲಿ ಮಕ್ಕಳನ್ನ ಹೀಗೇನಾ ನೋಡ್ಕೊಳ್ಳೋದು?”

ಆಚೆಯಿಂದ ತಣ್ಣನೆಯ ಉತ್ತರ ಬಂತು: “ಹೌದು ಕಣ್ರೀ. ಹೀಗೇ.”

ಅಂದಿನಿಂದ ಬೀದಿಯ ಹೆಂಗಸರು ತಮ್ಮ ಮಕ್ಕಳನ್ನು ಅವರ ಕೈಗೆ ಕೊಡುವುದನ್ನು ನಿಲ್ಲಿಸಿದರು. ಸ್ವಂತ ಮಕ್ಕಳಿಲ್ಲದ, ಏಲಕ್ಕಿ ಹಾಕಿದ ಬನ್ನು ಮಾಡಿ ಬೀದಿಯ ಮಕ್ಕಳಿಗೆಲ್ಲ ಹಂಚುತ್ತಿದ್ದ ಆ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ದಂಡನೆ ಇರಲಾರದು. ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ನಾನು ಮಾತ್ರ ಕದ್ದು ಗೋಡೆ ಹತ್ತಿ ಹೋಗುತ್ತಿದ್ದೆ. ಹಾಗೆ ಹೋದಾಗ ತಮ್ಮ ಕಥೆಯನ್ನು ಒಂದಿಷ್ಟು, ಮುಂದೆ ನಾನು ಇತಿಹಾಸದ ವಿದ್ಯಾರ್ಥಿಯಾದ ಮೇಲೆ ಉಳಿದದ್ದನ್ನು ಅವರು ಹೇಳಿದರು.

ಅವರ ಊರು ಫಿನ್‌ಲೆಂಡಿನ ಪೂರ್ವದಂಚಿನ ಕರೇಲಿಯಾದಲ್ಲಿ, ಆಗಿನ ಸೋವಿಯತ್ ಗಡಿಗೆ ಹತ್ತಿರ. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಗಡಿ ದಾಟಿ ಯುದ್ಧ ಆರಂಭವಾದಾಗ ಅವರಿಗೆ ಏಳು ವರ್ಷ. ಶತ್ರುವಿಗೆ ಒಂದು ಸೂರೂ ಸಿಗಬಾರದೆಂದು ಫಿನ್ನರ ಸೈನಿಕರೇ ಅವರ ಮನೆಗೆ ಬೆಂಕಿಯಿಟ್ಟರು. ಅದಕ್ಕೆ ಮೊದಲು ಅವರ ತಾಯಿ ಮನೆಯ ನೆಲವನ್ನೆಲ್ಲ ಉಜ್ಜಿ ತೊಳೆದಿದ್ದರಂತೆ. ಶಾಂತಿ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿದ್ದದ್ದು 1940ರ ಮಾರ್ಚ್ 12ರ ರಾತ್ರಿ. ಫಿರಂಗಿಗಳು ನಿಂತದ್ದು ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ. ಯುದ್ಧರಂಗದಲ್ಲಿದ್ದ ಅವರ ತಂದೆ ಸತ್ತದ್ದು ಆ ನಡುವಣ ಹೊತ್ತಿನಲ್ಲಿ. ಸಹಿಯ ಮಸಿ ಒಣಗಿದ ಮೇಲೆ ಬಿದ್ದ ಒಂದು ಗುಂಡಿಗೆ. ಮರುವರ್ಷ ಫಿನ್‌ಲೆಂಡ್ ಜರ್ಮನಿಯ ಪಕ್ಕ ನಿಂತು, ಆ ಒಪ್ಪಂದದಲ್ಲಿ ಕಳೆದುಕೊಂಡಿದ್ದ ಕರೇಲಿಯಾವನ್ನು ಹಿಂದಕ್ಕೆ ಪಡೆಯಿತು; ಅಲ್ಲಿಗೆ ನಿಲ್ಲದೆ ಹಳೆಯ ಗಡಿಯನ್ನೂ ದಾಟಿತು. ಆ ಭಾಗವನ್ನು ದೊಡ್ಡಮ್ಮ ಎಂದೂ ನುಂಗಿಕೊಳ್ಳಲಿಲ್ಲ. “ನಾವೇನು ಬರೀ ಹಸುಗಳಲ್ಲ ಕಣಪ್ಪ. ರಷ್ಯದ ಹೆಂಗಸರು ಮಕ್ಕಳನ್ನ ತಂತಿಬೇಲಿ ಒಳಗೆ ಕೂಡಿಹಾಕಿ ಹಸಿವಿನಲ್ಲಿ ಸಾಯಿಸಿದ್ದೂ ನಾವೇ. ಅದನ್ನೂ ಬರ್ಕೋ,” ಎಂದರು. 1944ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದೊಂದಿಗೆ ಕದನವಿರಾಮ. ಷರತ್ತಿನಂತೆ ನಿನ್ನೆಯ ಮಿತ್ರರಾದ ಜರ್ಮನ್ನರನ್ನು ಹೊರಗಟ್ಟಬೇಕಾಯಿತು. ಜರ್ಮನ್ನರು ಲ್ಯಾಪ್‌ಲೆಂಡಿನ ಊರುಗಳನ್ನು ಸುಡುತ್ತ, ದಾರಿಯುದ್ದಕ್ಕೂ ನೆಲಬಾಂಬು ಹೂಳುತ್ತ ಹಿಂದೆ ಸರಿದರು. ಅವರನ್ನು ಅಟ್ಟಲು ಹೋದ ಸೈನ್ಯದಲ್ಲಿದ್ದ ದೊಡ್ಡಮ್ಮನ ಹತ್ತೊಂಬತ್ತರ ಅಣ್ಣ ಅಂಥದೊಂದರ ಮೇಲೆ ಕಾಲಿಟ್ಟ. “ಅಪ್ಪನ್ನ ಒಬ್ಬ ದೊಡ್ಡವನು ತಗೊಂಡ, ಅಣ್ಣನ್ನ ಇನ್ನೊಬ್ಬ. ಇಬ್ಬರೂ ನಮ್ಮ ಒಳ್ಳೇದಕ್ಕೇ ಬಂದವರು.”

ಕಿವಿಯ ಕಥೆಯನ್ನು ಅವರು ಹೇಳಿದ್ದು ಎಲ್ಲದರ ಕೊನೆಗೆ. 1944ರ ಬೇಸಿಗೆಯಲ್ಲಿ ಸೋವಿಯತ್ ಸೇನೆ ಮತ್ತೆ ಮುನ್ನುಗ್ಗಿದಾಗ, ಊರಿಗೆ ಮರಳಿದ್ದ ತಾಯಿ, ಮಗಳು ಎರಡನೆಯ ಸಲ ಊರು ಬಿಟ್ಟರು. ಎಲಿಸೆನ್ವಾರಾ ಎಂಬ ರೈಲ್ವೆ ಜಂಕ್ಷನ್ನಿನಲ್ಲಿ ನಿರಾಶ್ರಿತರ ರೈಲುಗಳು ಕಿಕ್ಕಿರಿದು ನಿಂತಿದ್ದವು. ಸೋವಿಯತ್ ವಿಮಾನಗಳು ಬಂದು ಬಾಂಬು ಸುರಿದವು. ತಾಯಿ ಮಗಳ ಕುತ್ತಿಗೆ ಹಿಡಿದು ಹಳಿಗಳ ನಡುವೆ ಕೆಡವಿ ಮೇಲೆ ಬಿದ್ದರು. ಒಂದು ಕುದುರೆ ಕರುಳೆಳೆದುಕೊಂಡೇ ಓಡಿತು. ಪಕ್ಕದ ಬೋಗಿಯ ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ತಲೆಯಿರಲಿಲ್ಲ. ತೋಳಿನಲ್ಲಿ ಮಗು ಅಳುತ್ತಿತ್ತು. “ಹಿಮದ ಮೇಲೆಲ್ಲ ರಕ್ತ ಕಣೋ, ಬೆಳ್ಳಗಿನ ಹಿಮದ ಮೇಲೆ,” ಎಂದರು.

ನಾನು ಆಗ ಸಂಶೋಧನಾ ವಿದ್ಯಾರ್ಥಿ. ಆಧಾರಗಳನ್ನು ತೆಗೆದು ನೋಡಿದೆ. ಆ ದಾಳಿ ನಡೆದದ್ದು ಜೂನ್ 20ರಂದು, ಕರೇಲಿಯಾದ ವೀಪುರಿ ನಗರ ಸೋವಿಯತ್ ಸೇನೆಯ ವಶವಾದ ದಿನವೇ. ಮಾರನೆಯ ಸಂಜೆ ಹೋಗಿ ಹೇಳಿದೆ: “ದೊಡ್ಡಮ್ಮ, ಜೂನ್ ತಿಂಗಳು. ಹಿಮ ಇರೋದಕ್ಕೆ ಸಾಧ್ಯವಿಲ್ಲ.”

“ಇತ್ತು. ನನ್ನ ರೆಪ್ಪೆ ಮೇಲೇ ಬಿತ್ತಲ್ಲೋ.”

“ತಣ್ಣಗಿತ್ತಾ?”

ಅವರು ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ನಿಂತಿತು. ಕಣ್ಣು ಮುಚ್ಚಿದರು. “ಇಲ್ಲ. ತಣ್ಣಗಿರ್ಲಿಲ್ಲ,” ಎಂದರು. “ಹಿಮ ಅಲ್ಲ ಕಣೋ ಅದು. ಪುಕ್ಕ. ಎಲ್ಲರೂ ಹಾಸಿಗೆ ದಿಂಬು ಹೊತ್ಕೊಂಡು ಬಂದಿದ್ವಿ. ಎಲ್ಲ ಹರಿದು... ಅಮ್ಮನ ಬೆನ್ನಿನ ತುಂಬ ಅಂಟ್ಕೊಂಡಿತ್ತು.”

ಅವರ ಕಿವಿಯನ್ನು ಕಡಿದ ಬಾಂಬಿನ ಚೂರು ಮೊದಲು ತಾಯಿಯ ಬೆನ್ನನ್ನು ಹಾದು ಬಂದಿತ್ತು. ನನ್ನ ಮೇಲೆ ಬಿದ್ದಾಗ ಅವರು ಮಾಡಿದ್ದು ಏನೆಂದು ನನಗೆ ಅಂದು ತಿಳಿಯಿತು.

ಈಗ ತಾಲೀಮಿನ ಮಾತು. ದಸರೆಗೆ ಮುನ್ನ ಅರಮನೆಯ ಹತ್ತಿರದ ಮೈದಾನದಲ್ಲಿ ಫಿರಂಗಿ ಸಿಡಿಸಿ, ಮೆರವಣಿಗೆಯ ಆನೆ, ಕುದುರೆಗಳಿಗೆ ಆ ಸದ್ದನ್ನು ಅಭ್ಯಾಸ ಮಾಡಿಸುವ ಪದ್ಧತಿ ಮೈಸೂರಿನವರಿಗೆಲ್ಲ ಗೊತ್ತು. ನನ್ನ ಕೈ ಮುರಿದ ಮೇಲೆ ದೊಡ್ಡಮ್ಮ ಪ್ರತಿವರ್ಷ ಅದಕ್ಕೆ ಹೋಗತೊಡಗಿದರು. “ಕಾಡಿನ ಪ್ರಾಣಿನೇ ಪಳಗುತ್ತಂತೆ, ನಾನು ಪಳಗಬಾರದಾ? ಇನ್ನೊಂದು ಮಗು ಕೈ ಮುರೀಬಾರದು ಕಣೋ.” ಮೊದಮೊದಲು ಎರಡನೆಯ ಸಿಡಿತಕ್ಕೇ ನೆಲ ಕಚ್ಚುತ್ತಿದ್ದರು. ಪಕ್ಕದಲ್ಲಿ ಹೊಸ ಆನೆ ಸರಪಳಿ ಜಗ್ಗಿ ಘೀಳಿಡುತ್ತಿತ್ತು. ಇವರು ಮೊಣಕಾಲೂರಿ, ತಲೆಯನ್ನು ತೋಳುಗಳಲ್ಲಿ ಹುದುಗಿಸಿಕೊಳ್ಳುತ್ತಿದ್ದರು. ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ಸಿಬ್ಬಂದಿ ಫಿರಂಗಿಯ ನಳಿಕೆ ಒರೆಸುವಷ್ಟರಲ್ಲಿ ಸೀರೆ ಕೊಡವಿಕೊಂಡು ಎದ್ದು ನಿಲ್ಲುವರು. ಮಾವುತನೊಬ್ಬ ಪರಿಚಯದವನಾಗಿದ್ದ; ತನ್ನ ಆನೆಯ ಸೊಂಡಿಲು ಸವರುತ್ತ ಕೇಳುವನು:

“ಅಮ್ಮಾವ್ರೇ, ಈ ವರ್ಸ ನಮ್ಮ ಹುಡ್ಗ ಪಾಸಾದ. ನಿಮ್ದೆಂಗೆ?”

“ಫೇಲು ಕಣಪ್ಪ. ಮುಂದಿನ ವರ್ಷ ಮತ್ತೆ ಕಟ್ತೀನಿ.”

ಹೀಗೆ ದಶಕಗಳು. ಬೀದಿಯಲ್ಲಿ ಹೊಸ ಸೊಸೆಯಂದಿರು ಬಂದರು. ಹಳೆಯ ಕಥೆ ಅರ್ಧ ಮರೆತು, ಮಕ್ಕಳು ಮತ್ತೆ ಏಲಕ್ಕಿ ಬನ್ನಿಗೆ ಅವರ ಮನೆಗೆ ಹೋಗತೊಡಗಿದರು. ಪ್ರಾಧ್ಯಾಪಕರು ತೀರಿಕೊಂಡ ಮರುವರ್ಷ, ಎಪ್ಪತ್ತು ದಾಟಿದ್ದ ದೊಡ್ಡಮ್ಮ ತಾಲೀಮಿನ ಕೊನೆಯ ಸಿಡಿತದವರೆಗೂ ಕದಲದೆ ನಿಂತರು. ರೆಪ್ಪೆಯೂ ಬಡಿಯಲಿಲ್ಲ. ಮಾವುತ ಕೈ ಮುಗಿದು, “ಪಾಸಾಗ್ಬುಟ್ರಿ ಅಮ್ಮಾವ್ರೇ!” ಎಂದ. ನಾನೂ ಚಪ್ಪಾಳೆ ತಟ್ಟಿದೆ.

ಆಟೋ ಹಿಡಿದು ವಾಪಸು ಬಂದೆವು. ಮನೆಯ ಮುಂದೆ ಇಳಿದು, ಗೇಟಿನ ಮೇಲೆ ಕೈಯಿಟ್ಟು ಅಂದರು: “ಇಷ್ಟು ವರ್ಷ ಪ್ರತಿ ಸದ್ದಿಗೂ ಅಮ್ಮ ಬಂದು ನನ್ನ ಬೆನ್ನ ಮೇಲೆ ಬೀಳ್ತಿದ್ಲು ಕಣೋ. ಆ ಭಾರ, ಆ ಉಸಿರು, ಎಲ್ಲ. ಇವತ್ತು ಬರ್ಲಿಲ್ಲ.”

ಮುಂದೆ ಅವರು ತಾಲೀಮಿಗೆ ಹೋಗಲಿಲ್ಲ. ನಾನೂ ಕರೆಯಲಿಲ್ಲ.

ಅವರು ತೀರಿಕೊಂಡದ್ದು 2024ರ ಬೇಸಿಗೆಯಲ್ಲಿ. ಚಾಮುಂಡಿ ಬೆಟ್ಟದ ತಪ್ಪಲಿನ ಸ್ಮಶಾನದಲ್ಲಿ ಪತಿಗಾದ ಜಾಗದಲ್ಲೇ ಅವರ ಸಂಸ್ಕಾರವೂ ಆಯಿತು; ಕೊಳ್ಳಿ ಇಟ್ಟವನು ನಾನು. ಅದನ್ನು ಇಟ್ಟದ್ದು ಇಂದಿಗೂ ಪೂರ್ತಿ ನೆಟ್ಟಗಾಗದ ಈ ಎಡಗೈಯ ಆಸರೆಯಿಂದಲೇ. ಇತಿಹಾಸವನ್ನು ನಾನು ಓದಿದ್ದು ಗ್ರಂಥಾಲಯಗಳಲ್ಲಿ. ನನಗೆ ಅದು ಮೊದಲು ಸಿಕ್ಕಿದ್ದು ಈ ಮೊಣಕೈಯಲ್ಲಿ.

ಅವರು ತೀರಿಕೊಳ್ಳುವ ಹಿಂದಿನ ವರ್ಷ, ದಸರೆಗೆ ಮುನ್ನ, ತೊಂಬತ್ತೊಂದರ ಅವರು ಇದ್ದಕ್ಕಿದ್ದಂತೆ, “ಒಂದ್ಸಲ ಕರ್ಕೊಂಡ್ಹೋಗೋ,” ಎಂದಿದ್ದರು. ಗಾಲಿಕುರ್ಚಿಯಲ್ಲಿ ಕರೆದೊಯ್ದೆ. ಹಳೆಯ ಮಾವುತನ ಬದಲು ಅವನ ಮಗನಿದ್ದ. ಆನೆಗಳು ಸಾಲಾಗಿ ನಿಂತಿದ್ದವು. ನಾನು ಕುರ್ಚಿಯ ಪಕ್ಕದಲ್ಲಿ ಅವರ ಮಟ್ಟಕ್ಕೆ ಕುಕ್ಕರಿಸಿದ್ದೆ. ಮೊದಲ ತೋಪು ಸಿಡಿಯಿತು. ಹೊಗೆ ಏಳುವ ಮೊದಲೇ ನನ್ನ ಕುತ್ತಿಗೆಯ ಮೇಲೆ ಒಂದು ಕೈ ಬಿತ್ತು. ಒಣ ಎಲೆಯಂಥ ಕೈ, ನನ್ನನ್ನು ನೆಲಕ್ಕೆ ಒತ್ತುತ್ತಿತ್ತು.

“ಬಂದ್ಲು,” ಎಂದರು.

ಆ ಕೈಯಲ್ಲಿ ಬಲವಿರಲಿಲ್ಲ. ನಾನೇ ಬಗ್ಗಿ, ಮಣ್ಣಿಗೆ ಮುಖವಿಟ್ಟು, ಕೊನೆಯ ತೋಪು ಮುಗಿಯುವವರೆಗೆ ಹಾಗೆಯೇ ಮಲಗಿದ್ದೆ.