ಗಂಟೆಯ ದನಿ ಕಳೆದುಕೊಂಡ ನೊಮಿಕೋಸ್

ನಮ್ಮ ಅಮೊರ್ಗೋಸ್ ದ್ವೀಪದಲ್ಲಿ ಆಡು ಮೇಯಿಸುವವರು ಬೇಕಾದಷ್ಟು ಮಂದಿ. ಆದರೆ ಆಡಿನ ಕೊರಳ ಗಂಟೆಗೆ ಶ್ರುತಿ ಹಿಡಿಯುವವನು ನೊಮಿಕೋಸ್ ಒಬ್ಬನೇ. ಹೊಸ ಗಂಟೆ ತಂದರೆ ಅದನ್ನು ಅಂಗಳದ ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುವನು, ಅಂಚನ್ನು ಅರದಿಂದ ಉಜ್ಜುವನು. ಮಂದೆಯ ಉಳಿದ ಗಂಟೆಗಳ ಜೊತೆ ಅದರ ದನಿ ಕೂಡಿದರೆ ಮಾತ್ರ ಆಡಿನ ಕೊರಳಿಗೆ. ಬೆಟ್ಟಕ್ಕೆ ಮೋಡ ಕವಿದ ದಿನ ನನ್ನ ಕಾಫಿ ಅಂಗಡಿಯ ಜಗಲಿಯಲ್ಲಿ ಕೂತೇ, “ಮುರುಕುಕೊಂಬಿನವಳು ಕಡಲ ಕಡೆ ಇಳೀತಿದಾಳೆ, ತಿರುಗಿಸ್ಬೇಕು” ಎಂದು ಎದ್ದು ಹೋಗುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ.

ಅವನಿಗೆ ಅರವತ್ತೊಂದು ತುಂಬಿದ ಚಳಿಗಾಲದಲ್ಲಿ ಗಂಟೆಗಳು ದೂರ ಸರಿಯತೊಡಗಿದವು. ಮೊದಲು ಗಾಳಿಯನ್ನು ಬೈದ. ಫೆಬ್ರವರಿಯ ಒಂದು ಬೆಳಿಗ್ಗೆ, ಕಲ್ಲುಗೋಡೆಯ ದೊಡ್ಡಿಯಲ್ಲಿ, ಹೋತ ಅವನೆದುರೇ ತಲೆ ಒದರಿತು. ಗಂಟೆಯ ನಾಲಗೆ ಆಡಿದ್ದು ಕಂಡಿತು. ದನಿ ಮಾತ್ರ ಕಂಬಳಿಯೊಳಗೆ ಸುತ್ತಿಟ್ಟಂತೆ ಬಂತು. ಅವನಪ್ಪನೂ ಅದೇ ವಯಸ್ಸಿನಲ್ಲಿ ಕಿವುಡಾದವನು. ಕೊನೆಯ ಹತ್ತು ವರ್ಷ ಎಲ್ಲರ ಮಾತಿಗೂ ಸುಮ್ಮನೆ ನಗುತ್ತ ನನ್ನ ಅಂಗಡಿಯ ಇದೇ ಜಗಲಿಯಲ್ಲಿ ಕೂತಿದ್ದನ್ನು ನಾವೆಲ್ಲ ನೋಡಿದ್ದೆವು.

ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ಮಾರೂಸೋಗೂ ಇಲ್ಲ. ಆದರೆ ಒಂದೇ ಸೂರಿನಡಿ ಎಷ್ಟು ದಿನ ಮುಚ್ಚಿಡಲಾದೀತು?

“ಹಾಲು ಉಕ್ತು ನೋಡಿ” ಎಂದಳು ಅವಳೊಂದು ದಿನ, ಚೀಸ್ ಮಾಡುವ ಅಚ್ಚು ತೊಳೆಯುತ್ತ.

“ಕಾಲು ಉಳುಕ್ತಾ? ಕೂತ್ಕೋ, ಎಣ್ಣೆ ತಿಕ್ತೀನಿ.”

ಹಾಲೆಲ್ಲ ಒಲೆಯ ಪಾಲಾಯಿತು. ಮಾರೂಸೋ ನಗಲಿಲ್ಲ. ಗಂಡನ ಮುಖವನ್ನೇ ನೋಡಿದಳು.

ಈಸ್ಟರ್ ಕಳೆದ ವಾರ ಅವನು ದಾಯಾದಿ ಗವ್ರಿಲಿಸನ ಮನೆಗೆ ಹೋಗಿ, “ಮಂದೆ ನೀನೇ ಕೊಂಡ್ಕೋ. ನನಗೆ ಸಾಕಾಯ್ತು” ಎಂದು ಕೈ ಮೇಲೆ ಕೈ ಹಾಕಿ ಬಂದ. ನಮ್ಮಲ್ಲಿ ಕಾಗದ ಪತ್ರವಿಲ್ಲ. ಕೈ ಹಾಕಿದರೆ ಮುಗಿಯಿತು. ಬರುವ ಭಾನುವಾರದ ಮುಂದಿನ ಭಾನುವಾರ ಆಡುಗಳು ಬೆಟ್ಟದ ಆಚೆ ಮಗ್ಗುಲಿಗೆ ಹೋಗಬೇಕು.

ಸುದ್ದಿ ಕೇಳಿದ ಮಾರೂಸೋ ರಂಪ ಮಾಡಲಿಲ್ಲ. “ನನಗೆ ಮಂಡಿ ನೋವು, ಡಾಕ್ಟರ ಹತ್ರ ಕರ್ಕೊಂಡ್ ಹೋಗಿ” ಎಂದು ಕಿವಿಯ ಬಳಿ ಕೂಗಿದಳು. ಕತ್ತೆಯ ಮೇಲೆ ಕೂತು ಬಂದರಿನ ತನಕ ನರಳಿಕೊಂಡೇ ಹೋದಳು. ಮುಂದಿನದನ್ನೆಲ್ಲ ಅವಳೇ ನನಗೆ ಹೇಳಿದ್ದು.

ಡಾಕ್ಟರು ಆ ವರ್ಷವಷ್ಟೇ ಬಂದಿದ್ದ ಚಿಕ್ಕ ವಯಸ್ಸಿನ ಹೆಂಗಸು. ಒಳಗೆ ಹೋದದ್ದೇ ಮಾರೂಸೋ, “ಮಂಡಿ ನೆಟ್ಟಗಿದೆ ಕಣಮ್ಮ. ಇವರ ಕಿವಿ ನೋಡು” ಎಂದಳು. ನೊಮಿಕೋಸ್ ಏಳಲು ಹೋದ. ಹೆಂಡತಿ ಭುಜ ಒತ್ತಿ ಕೂರಿಸಿದಳು.

ಡಾಕ್ಟರು ದೀಪ ಹಿಡಿದು ಒಂದು ಕಿವಿ ನೋಡಿದಳು, ಇನ್ನೊಂದನ್ನೂ ನೋಡಿದಳು. “ತಾತಾ, ಇದರೊಳಗೆ ಏನೂ ಕಾಣಿಸ್ತಿಲ್ಲ. ಬಾಗಿಲಿಗೆ ಗೋಡೆ ಕಟ್ಟಿದ ಹಾಗಿದೆ. ಐದು ದಿನ ಎಣ್ಣೆ ಬಿಟ್ಕೊಂಡು ಬನ್ನಿ.”

ಆ ಐದು ದಿನ ಅವನು ಆಡುಗಳ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಸೆ ಪಡಲು ಹೆದರಿಕೆ. ಆರನೆಯ ದಿನ ಡಾಕ್ಟರು ಕಿವಿಗೆ ಬೆಚ್ಚಗಿನ ನೀರು ಹಾಯಿಸಿದಾಗ ಬೋಗುಣಿಗೆ ಆಲಿವ್ ಬೀಜದಷ್ಟು ದೊಡ್ಡ ಕಪ್ಪು ಗುಗ್ಗೆಯ ಗಟ್ಟಿ ಬಿತ್ತು, ಆಮೇಲೆ ಇನ್ನೊಂದು. ಒಂದರಲ್ಲಿ ಒಣಹುಲ್ಲಿನ ಎಳೆಯೂ ಸಿಕ್ಕಿಕೊಂಡಿತ್ತು.

ನೊಮಿಕೋಸ್ ತಲೆ ಎತ್ತಿದ. ಬೋಗುಣಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಯಾರೋ ದೋಣಿಯ ಹಗ್ಗ ಎಳೆಯುತ್ತಿದ್ದರು.

“ಈಗ ಕೇಳ್ಸತ್ತಾ?” ಎಂದು ಮಾರೂಸೋ ಅಭ್ಯಾಸಬಲದಿಂದ ಕಿರುಚಿದಳು.

“ಮೆಲ್ಲಗೆ ಮಾತಾಡೇ, ನಾನೇನು ಕಿವುಡನಾ?”

ಅವಳು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಡಗಿವಿ ವಯಸ್ಸಿಗೆ ಕೊಂಚ ಮಂದವಾಗಿದೆ, ಬಲಗಿವಿ ಪೂರಾ ಸರಿಯಿದೆ ಎಂದಳು ಡಾಕ್ಟರು. ಅಷ್ಟು ಸಾಕಿತ್ತು ಅವರಿಗೆ.

ಉಳಿದದ್ದು ಕೊಟ್ಟ ಮಾತು. ಮನೆಗೂ ಹೋಗದೆ ಅವನು ನೇರ ಗವ್ರಿಲಿಸನ ಅಂಗಳಕ್ಕೆ ನಡೆದ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಇದ್ದದ್ದನ್ನು ಇದ್ದಂತೆ ಹೇಳಿದ. “ಮಾತು ಕೊಟ್ಟಿದೀನಿ. ನೀನು ಬಿಡೋದಿಲ್ಲ ಅಂದ್ರೆ ಭಾನುವಾರ ನಾನೇ ಹೊಡ್ಕೊಂಡು ಬಂದು ಬಿಡ್ತೀನಿ.”

ಗವ್ರಿಲಿಸ್ ಮೀಸೆ ತಿರುವಿದ. “ಅಲ್ಲ ಕಣೋ, ಕಿವಿ ತೊಳ್ಕೊಳ್ಳೋ ಸೋಮಾರಿತನಕ್ಕೆ ಎಂಬತ್ತು ಆಡು ಮಾರೋಕೆ ಹೊರಟಿದ್ಯಾ? ಇನ್ನು ಮೂಗು ಕಟ್ಟಿದ್ರೆ ಹೆಂಡ್ತೀನೇ ಮಾರ್ತಿದ್ಯೇನೋ.”

“ಬಿಡ್ತೀಯೋ ಇಲ್ವೋ ಹೇಳು.”

“ಬಿಟ್ಟೆ ಹೋಗು. ನಿನ್ನ ಆಡುಗಳಿಗೆ ನಾನು ಬೇಲಿಯನ್ನೂ ಹಾಕಿರ್ಲಿಲ್ಲ, ಮನಸ್ಸಿರ್ಲಿಲ್ಲ. ಆದ್ರೆ ನನ್ನ ಮಂದೆ ಗಂಟೆಗಳು ಡಬ್ಬ ಬಡಿದ ಹಾಗಿವೆ. ಅವನ್ನ ನೀನು ಸರಿ ಮಾಡ್ಕೊಡ್ಬೇಕು.”

ಇಬ್ಬರೂ ಜೇನು ಹಾಕಿ ಕಾಯಿಸಿದ ರಾಕಿ ಸಾರಾಯಿ ಕುಡಿದರು. ಬಿಸಿಲು ಇಳಿಯುವ ಹೊತ್ತಿಗೆ ನೊಮಿಕೋಸ್ ಥೈಮ್ ಹೂ ಬಿಟ್ಟ ಇಳಿಜಾರನ್ನು ಹತ್ತಿದ. ಕೆಳಗೆ ಕಡಲು ಸದ್ದಿಲ್ಲದೆ ನೀಲಿಯಾಗಿತ್ತು. ಜೇನುಹುಳುಗಳ ಗುಂಯ್ ಎಂಬ ದನಿಗೆ ಒಂದೆರಡು ಕಡೆ ನಿಂತನಂತೆ. ದೊಡ್ಡಿಯ ಬಳಿ ಬಂದು ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿದ. ಒಂದೊಂದೇ ಗಂಟೆಯ ಗುರುತು ಹಿಡಿದು, ಒಂದೊಂದೇ ಆಡನ್ನು ಹೆಸರು ಹಿಡಿದು ಕರೆದ. ಊಟ ತಣ್ಣಗಾಗುತ್ತದೆಂದು ಮಾರೂಸೋ ಎರಡು ಸಲ ಕೆಳಗಿನಿಂದ ಕೂಗಿದಳು. ಕೇಳಿಸಿತ್ತು, ಆದರೂ ಅವನು ಏಳಲಿಲ್ಲ.